ಕೆಲಸಗಾರರು ಹದಿನಾರು, ಹೊಣೆ ಒಬ್ಬಳದು

ಇಂದು ನಮ್ಮ ಅನೇಕ ಮನೆಗಳಲ್ಲಿ ಕಂಪ್ಯೂಟರ್ ಕಲಿತ ಒಬ್ಬ ಮಗಳೋ ಸೊಸೆಯೋ ಇದ್ದಾಳೆ. ಬಿಸಿಎ ಮುಗಿಸಿದವಳು, ಇಂಜಿನಿಯರಿಂಗ್ ಮಾಡಿದವಳು, ಮದುವೆಯ ಬಳಿಕ ಮನೆಯಿಂದಲೇ ಕಂಪೆನಿಯ ಕೆಲಸ ಮಾಡುವವಳು. ಅವಳ ಕೋಣೆಗೆ ಚಹಾ ಕೊಂಡು ಹೋದ ತಾಯಿಗೆ ಕಾಣುವುದು ಇಷ್ಟೇ: ಒಂದು ಕಪ್ಪು ಪರದೆ. ಅದರಲ್ಲಿ ನಾಲ್ಕು ಭಾಗ. ನಾಲ್ಕರಲ್ಲೂ ಅಕ್ಷರಗಳು ತಾವಾಗಿಯೇ ಓಡುತ್ತಿವೆ. ಮಗಳ ಕೈ ಕೀಬೋರ್ಡಿನ ಮೇಲೆ ಇಲ್ಲ, ಕೆನ್ನೆಯ ಮೇಲಿದೆ. "ಏನು ಮಾಡ್ತಾ ಇದ್ದೀ?" ಎಂದು ಕೇಳಿದರೆ, "ಕೆಲಸ ಮಾಡಿಸ್ತಾ ಇದ್ದೇನೆ ಉಮ್ಮಾ" ಎನ್ನುತ್ತಾಳೆ.

ಯಾರಿಂದ ಮಾಡಿಸುತ್ತಿದ್ದಾಳೆ? ಯಂತ್ರಗಳಿಂದ. ಒಂದಲ್ಲ, ಏಕಕಾಲದಲ್ಲಿ ನಾಲ್ಕೈದು ಯಂತ್ರ ಸಹಾಯಕರಿಂದ. ಇದನ್ನು ಕೇಳಿದ ಕೂಡಲೇ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, "ಹಾಗಾದರೆ ನಿನಗೇನು ಕೆಲಸ? ಬಾ, ಅಡುಗೆ ಮನೆಯಲ್ಲಿ ಕೈ ಹಾಕು." ಇನ್ನೊಂದು, "ಯಂತ್ರವೇ ಎಲ್ಲವನ್ನೂ ಮಾಡುವುದಾದರೆ ನಾಳೆ ನಿನಗೆ ಸಂಬಳ ಕೊಡುವವರು ಯಾರು?" ಎರಡೂ ಸಹಜವಾದ ಪ್ರಶ್ನೆಗಳು. ಆದರೆ ಎರಡಕ್ಕೂ ಉತ್ತರ ಹೇಳಬೇಕಾದರೆ ಆ ಕಪ್ಪು ಪರದೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇದು ನಮಗೆ ಸಂಬಂಧಿಸದ ವಿಷಯ ಎಂದು ಪುಟ ತಿರುವಬೇಡಿ ಸಹೋದರಿಯರೇ. ನಮ್ಮ ಹೆಣ್ಣು ಮಕ್ಕಳ ಅನ್ನದ ಪ್ರಶ್ನೆ ಇದರಲ್ಲಿದೆ.

ಕಪ್ಪು ಪರದೆಯ ಕಥೆ

ನಾವು ಮೊಬೈಲಿನಲ್ಲಿ ಚಿತ್ರವನ್ನು ಒತ್ತಿ ಕೆಲಸ ಮಾಡುತ್ತೇವೆ. ಆದರೆ ಚಿತ್ರಗಳು ಬರುವ ಮೊದಲು ಕಂಪ್ಯೂಟರಿಗೆ ಎಲ್ಲವನ್ನೂ ಬರೆದೇ ಹೇಳಬೇಕಿತ್ತು. ಒಂದು ಸಾಲಿನಲ್ಲಿ ಆಜ್ಞೆಯನ್ನು ಟೈಪ್ ಮಾಡಬೇಕು, ಅದು ಮುಂದಿನ ಸಾಲಿನಲ್ಲಿ ಉತ್ತರಿಸುತ್ತದೆ. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. 1969ರಲ್ಲಿ ಅಮೇರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದಾಗ ಇದ್ದದ್ದು ಇದೇ ರೀತಿ. ಸಣ್ಣ ಸಣ್ಣ ಉಪಕರಣಗಳು, ಪ್ರತಿಯೊಂದಕ್ಕೂ ಒಂದೊಂದು ಕೆಲಸ, ಒಂದರ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಅನುಕೂಲವೂ ಮುಂದೆ ಸೇರಿಕೊಂಡಿತು. ಅರ್ಧ ಶತಮಾನ ಕಳೆದರೂ ಸಾಫ್ಟ್‌ವೇರ್ ಕೆಲಸಗಾರರು ಈ ಪರದೆಯನ್ನು ಬಿಟ್ಟಿಲ್ಲ.

ಕೃತಕ ಬುದ್ಧಿಮತ್ತೆ ಬಂದಾಗ ಈ ಹಳೆಯ ಪರದೆಗೆ ಹೊಸ ಬೆಲೆ ಬಂತು. ಕಾರಣ ಸರಳ. ಅಕ್ಷರಗಳನ್ನು ಓದುವುದು, ಅಕ್ಷರಗಳನ್ನು ಬರೆಯುವುದು ಈ ಯಂತ್ರಗಳಿಗೆ ಚೆನ್ನಾಗಿ ಬರುತ್ತದೆ. ಕಮಾಂಡ್ ಲೈನಿನಲ್ಲಿ ಇರುವುದೆಲ್ಲ ಅಕ್ಷರಗಳೇ. 2025ರ ಫೆಬ್ರವರಿಯಲ್ಲಿ ಆಂತ್ರೋಪಿಕ್ ಕಂಪೆನಿ ಕ್ಲಾಡ್ ಕೋಡ್ ಎಂಬುದನ್ನು ಹೊರತಂದಿತು. ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆಯ ಕೋಡೆಕ್ಸ್ ಬಂತು. ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ ಬಂತು. ಮೂರೂ ಇದೇ ಕಪ್ಪು ಪರದೆಯಲ್ಲಿ ಕೆಲಸ ಮಾಡುವಂಥವು. ಇವುಗಳಿಗೆ ಏಜೆಂಟ್ ಎಂದು ಹೆಸರು.

ಮೊಬೈಲಿನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸಾಮಾನ್ಯ ಚಾಟ್‌ಗೂ ಏಜೆಂಟಿಗೂ ವ್ಯತ್ಯಾಸವೇನು? ಚಾಟ್ ಎಂದರೆ ಫೋನಿನಲ್ಲಿ ಬಿರಿಯಾನಿಯ ವಿಧಾನ ಹೇಳಿಕೊಡುವ ಗೆಳತಿಯ ಹಾಗೆ. ಏಜೆಂಟ್ ನಮ್ಮ ಅಡುಗೆ ಮನೆಗೇ ಬಂದು, ಡಬ್ಬಿ ತೆರೆದು, ಒಲೆ ಹಚ್ಚಿ, ಪಾತ್ರೆ ಇಡುವ ಹೆಂಗಸಿನ ಹಾಗೆ. ಅದು ಕಡತಗಳನ್ನು ತೆರೆಯುತ್ತದೆ, ತಿದ್ದುತ್ತದೆ, ಪರೀಕ್ಷಿಸುತ್ತದೆ, ಬೇಕಾದರೆ ಅಳಿಸಿಯೂ ಹಾಕುತ್ತದೆ. ಸಹಾಯ ದೊಡ್ಡದು. ಅಪಾಯವೂ ಅಷ್ಟೇ ದೊಡ್ಡದು.

ಒಂದು ಕೋಣೆ, ಹಲವು ಪಾಠ

ಒಂದು ಏಜೆಂಟ್ ಒಂದು ಕೆಲಸ ಮುಗಿಸಲು ಹತ್ತು ನಿಮಿಷ, ಕೆಲವೊಮ್ಮೆ ಗಂಟೆಯೂ ಬೇಕಾಗುತ್ತದೆ. ಅಷ್ಟು ಹೊತ್ತು ಸುಮ್ಮನೆ ಕಾಯುವುದೇಕೆ ಎಂದು ಇನ್ನೊಂದನ್ನು ಇನ್ನೊಂದು ಕೆಲಸಕ್ಕೆ ಹಚ್ಚುತ್ತಾರೆ. ಎರಡು ನಾಲ್ಕಾಗುತ್ತದೆ, ನಾಲ್ಕು ಹತ್ತಾಗುತ್ತದೆ. ಆಗ ಅವುಗಳನ್ನು ಸಂಭಾಳಿಸುವುದೇ ಪ್ರತ್ಯೇಕ ಕೆಲಸವಾಗುತ್ತದೆ. ಅದಕ್ಕೆಂದೇ ಈಗ ಉಪಕರಣಗಳು ಬಂದಿವೆ.

ನಮ್ಮ ಮದ್ರಸಾಗಳಲ್ಲಿ ಕಲಿತವರಿಗೆ ಇದು ಸುಲಭವಾಗಿ ಅರ್ಥವಾದೀತು. ಊರಿನ ಸಣ್ಣ ಮದ್ರಸಾದಲ್ಲಿ ಒಂದೇ ಕೋಣೆ, ಒಬ್ಬರೇ ಉಸ್ತಾದ್. ಒಂದು ಸಾಲಿನಲ್ಲಿ ಅಲಿಫ್, ಬಾ ಕಲಿಯುವ ಪುಟ್ಟವರು. ಇನ್ನೊಂದು ಸಾಲಿನಲ್ಲಿ ಕೂಡಿಸಿ ಓದುವವರು. ಮತ್ತೊಂದು ಕಡೆ ಬಾಯಿಪಾಠ ಒಪ್ಪಿಸುವವರು. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದುತ್ತಾರೆ. ಉಸ್ತಾದರು ಒಬ್ಬೊಬ್ಬರನ್ನೇ ಕರೆದು ಪಾಠ ಕೇಳುತ್ತಾರೆ, ತಪ್ಪಿದ್ದರೆ ತಿರುಗಿ ಕಳಿಸುತ್ತಾರೆ, ಸರಿಯಿದ್ದರೆ ಮುಂದಿನ ಪಾಠ ಕೊಡುತ್ತಾರೆ. ಈ ಏರ್ಪಾಡು ನಡೆಯಬೇಕಾದರೆ ಮೂರು ಸಂಗತಿಗಳು ಬೇಕು. ಪ್ರತಿ ಮಗುವಿಗೆ ಅದರದ್ದೇ ಪುಸ್ತಕ. ಯಾರಿಗೆ ಯಾವ ಪಾಠ ಎಂಬ ಸ್ಪಷ್ಟತೆ. ಪಾಠ ಒಪ್ಪಿಸದೆ ಮುಂದೆ ಹೋಗಬಾರದೆಂಬ ನಿಯಮ.

ಏಜೆಂಟುಗಳ ವಿಷಯದಲ್ಲೂ ಇವೇ ಮೂರು. ಸಾಫ್ಟ್‌ವೇರ್ ಕಡತಗಳ ಬದಲಾವಣೆಯನ್ನೆಲ್ಲ ದಾಖಲಿಸಿಡುವ ಗಿಟ್ ಎಂಬ ಉಪಕರಣವಿದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದರು. ಒಂದೇ ಯೋಜನೆಯ ಕಡತಗಳನ್ನು ಬೇರೆ ಬೇರೆ ಫೋಲ್ಡರುಗಳಲ್ಲಿ ಇಟ್ಟು ಏಕಕಾಲದಲ್ಲಿ ಕೆಲಸ ಮಾಡುವ ಸೌಲಭ್ಯ ಅದರಲ್ಲಿ 2015ರಿಂದ ಇದೆ. ಅದನ್ನು ವರ್ಕ್‌ಟ್ರೀ ಎನ್ನುತ್ತಾರೆ. ಪ್ರತಿ ಏಜೆಂಟಿಗೂ ಒಂದೊಂದು ಫೋಲ್ಡರ್ ಕೊಟ್ಟರೆ ಒಂದು ಬರೆದದ್ದರ ಮೇಲೆ ಇನ್ನೊಂದು ಗೀಚುವುದಿಲ್ಲ. ಇದು ಮಗುವಿಗೆ ಅದರದ್ದೇ ಪುಸ್ತಕ ಕೊಟ್ಟ ಹಾಗೆ. ಯಾರಿಗೆ ಯಾವ ಕೆಲಸ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಕೊನೆಗೆ, ಎಲ್ಲರ ಕೆಲಸವನ್ನೂ ಮೂಲ ಪ್ರತಿಗೆ ಸೇರಿಸುವ ಮೊದಲು ಪರೀಕ್ಷೆ ಮಾಡಿ ಪಾಸಾದದ್ದನ್ನು ಮಾತ್ರ ಸೇರಿಸುತ್ತಾರೆ.

2026ರ ಜನವರಿಯಲ್ಲಿ ಸ್ಟೀವ್ ಯೆಗ್ಗಿ ಎಂಬ ಅನುಭವಿ ಇಂಜಿನಿಯರ್ ಗ್ಯಾಸ್ ಟೌನ್ ಎಂಬ ಉಪಕರಣವನ್ನು ಹೊರತಂದರು. ಇಪ್ಪತ್ತು ಮೂವತ್ತು ಏಜೆಂಟುಗಳನ್ನು ಒಂದು ಪುಟ್ಟ ಪಟ್ಟಣದಂತೆ ನಡೆಸುವ ಏರ್ಪಾಡು ಅದು. ಅದರಲ್ಲಿ ಒಂದು ಏಜೆಂಟ್ ಮೇಯರ್. ನಾವು ಮಾತಾಡುವುದು ಹೆಚ್ಚಾಗಿ ಮೇಯರನ ಜೊತೆಗೇ. ಕೆಲಸ ಮುಗಿಸಿ ಹೊರಟುಹೋಗುವ ಕೂಲಿಗಳು ಬೇರೆ. ಕೂಲಿಗಳು ನಡುವೆ ನಿಂತುಬಿಟ್ಟರೆ ಎಚ್ಚರಿಸುವ ಮೇಲ್ವಿಚಾರಕ ಬೇರೆ. ಮುಗಿದ ಕೆಲಸಗಳನ್ನು ಸರತಿಯಲ್ಲಿ ಒಂದೊಂದಾಗಿ ಮೂಲ ಪ್ರತಿಗೆ ಸೇರಿಸುವವನೂ ಬೇರೆ. ಎಲ್ಲರೂ ಯಂತ್ರಗಳೇ. ಹೊಸದಾಗಿ ಕಲಿಯುವವರಿಗೆ ಇದು ಹೇಳಿದ್ದಲ್ಲ ಎಂದು ಅದನ್ನು ಮಾಡಿದವರೇ ಎಚ್ಚರಿಸಿದ್ದಾರೆ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು.

ಹದಿನಾರು ಏಜೆಂಟುಗಳು ಕಲಿಸಿದ ಪಾಠ

ಇದು ನಿಜವಾಗಿಯೂ ನಡೆಯುತ್ತದೆಯೇ? ನಡೆದ ಒಂದು ಉದಾಹರಣೆಯನ್ನು ನೋಡೋಣ. ಆಂತ್ರೋಪಿಕ್ ಕಂಪೆನಿಯ ಸಂಶೋಧಕ ನಿಕೋಲಸ್ ಕಾರ್ಲಿನಿ 2026ರ ಫೆಬ್ರವರಿಯಲ್ಲಿ ತಮ್ಮ ಒಂದು ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ಹದಿನಾರು ಏಜೆಂಟುಗಳಿಗೆ ಒಂದು ದೊಡ್ಡ ಕೆಲಸ ಒಪ್ಪಿಸಲಾಗಿತ್ತು: ಒಂದು ಕಂಪೈಲರ್ ಬರೆಯಬೇಕು. ಕಂಪೈಲರ್ ಎಂದರೆ ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಅನುವಾದಕ. ಇದು ಕಲಿತವರಿಗೂ ಕಷ್ಟದ ಕೆಲಸ.

ಅಲ್ಲಿ ಮೇಯರ್ ಇರಲಿಲ್ಲ. ಕೆಲಸಕ್ಕೆ ಇಳಿಯುವ ಏಜೆಂಟ್ ಒಂದು ನಿಗದಿತ ಫೋಲ್ಡರಿನಲ್ಲಿ "ಈ ಕೆಲಸ ನಾನು ತೆಗೆದುಕೊಂಡಿದ್ದೇನೆ" ಎಂದು ಚೀಟಿ ಬರೆದಿಡಬೇಕು. ಆ ಚೀಟಿ ಇದ್ದರೆ ಇನ್ನೊಂದು ಅದನ್ನು ಮುಟ್ಟುವಂತಿಲ್ಲ. ಮುಗಿದ ಮೇಲೆ ತನ್ನ ಕೆಲಸವನ್ನು ಉಳಿದವರ ಕೆಲಸದ ಜೊತೆ ಸೇರಿಸಿ, ಚೀಟಿ ತೆಗೆದು, ಮುಂದಿನದನ್ನು ಹಿಡಿಯಬೇಕು. ಸುಮಾರು 2,000 ಅವಧಿಗಳ ಕೆಲಸ, ಸುಮಾರು 20,000 ಡಾಲರ್ ಖರ್ಚು. ಕೊನೆಗೆ ಒಂದು ಲಕ್ಷ ಸಾಲುಗಳ ಕಂಪೈಲರ್ ತಯಾರಾಯಿತು. ಲಿನಕ್ಸ್ ಎಂಬ ಬೃಹತ್ ವ್ಯವಸ್ಥೆಯ ತಿರುಳನ್ನೇ ಅದು ಅನುವಾದಿಸಿತು.

ಆದರೆ ಮಧ್ಯದಲ್ಲಿ ನಡೆದದ್ದು ಹೆಚ್ಚು ಉಪಯುಕ್ತ ಪಾಠ. ಸಣ್ಣ ಸಣ್ಣ ಪರೀಕ್ಷೆಗಳು ನೂರಾರು ಇದ್ದಾಗ ಹದಿನಾರು ಏಜೆಂಟುಗಳೂ ಬೇರೆ ಬೇರೆ ತಪ್ಪುಗಳನ್ನು ಹಿಡಿದು ಸರಾಗವಾಗಿ ಕೆಲಸ ಮಾಡಿದವು. ಲಿನಕ್ಸ್ ಎಂಬ ಒಂದೇ ದೊಡ್ಡ ಕೆಲಸಕ್ಕೆ ಬಂದಾಗ ಎಲ್ಲವೂ ಒಂದೇ ತಪ್ಪಿನ ಮುಂದೆ ಬಂದು ನಿಂತವು. ಎಲ್ಲವೂ ಅದನ್ನೇ ತಿದ್ದಿದವು. ಒಂದು ತಿದ್ದಿದ್ದನ್ನು ಇನ್ನೊಂದು ಅಳಿಸಿತು. ಹದಿನಾರು ಇದ್ದರೂ ಒಂದರ ಕೆಲಸವೇ ಆಗುತ್ತಿತ್ತು. ಆಗ ಕಾರ್ಲಿನಿ ಕೆಲಸವನ್ನು ಬೇರೆ ರೀತಿಯಲ್ಲಿ ತುಂಡು ಮಾಡುವ ಉಪಾಯ ಹುಡುಕಿದರು. ಹೆಚ್ಚಿನ ಕಡತಗಳನ್ನು ಈಗಾಗಲೇ ನಂಬಿಕೆಗೆ ಅರ್ಹವಾದ ಹಳೆಯ ಕಂಪೈಲರಿನಿಂದ ಮಾಡಿಸಿ, ಉಳಿದ ಕೆಲವನ್ನು ಮಾತ್ರ ಹೊಸದರಿಂದ ಮಾಡಿಸಿದರು. ಪ್ರತಿ ಏಜೆಂಟಿಗೂ ಬೇರೆ ಬೇರೆ ಕಡತಗಳ ತಪ್ಪು ಸಿಕ್ಕಿತು. ಕೆಲಸ ಮತ್ತೆ ಸಾಗಿತು.

ಈ ಉಪಾಯ ಹೊಳೆದದ್ದು ಹದಿನಾರು ಯಂತ್ರಗಳಿಗಲ್ಲ, ದೂರ ಕುಳಿತು ನೋಡುತ್ತಿದ್ದ ಒಬ್ಬ ಮನುಷ್ಯನಿಗೆ. ಕಂಪೈಲರಿನ ಕೊರತೆಗಳನ್ನೂ ಅವರು ಮುಚ್ಚಿಡಲಿಲ್ಲ. ಅದು ತಯಾರಿಸುವ ಯಂತ್ರಭಾಷೆ ನಿಧಾನಗತಿಯದು. ಕೊನೆಕೊನೆಗೆ ಹೊಸದನ್ನು ಸೇರಿಸಹೋದರೆ ಹಳೆಯದು ಮುರಿಯುತ್ತಿತ್ತು.

ಎಲ್ಲ ಕೆಲಸವೂ ಹಂಚಲಾಗದು

ಮನೆ ನಡೆಸುವ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮದುವೆ ಮನೆಯಲ್ಲಿ ಈರುಳ್ಳಿ ಹೆಚ್ಚಲು ಹತ್ತು ಮಂದಿ ಕುಳಿತರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಹಾಲು ಹೆಪ್ಪುಗಟ್ಟಲು ಹತ್ತು ಮಂದಿ ಸುತ್ತ ನಿಂತರೂ ಒಂದೇ ರಾತ್ರಿ ಬೇಕು. ಸಾರಿಗೆ ಉಪ್ಪು ಹಾಕುವ ಕೆಲಸ ನಾಲ್ವರದ್ದಾದರೆ ಸಾರು ಚೆಲ್ಲಬೇಕಾಗುತ್ತದೆ.

ಕಂಪ್ಯೂಟರ್ ಲೋಕದಲ್ಲಿ ಇದನ್ನು 1975ರಲ್ಲೇ ಬರೆದಿಟ್ಟವರಿದ್ದಾರೆ. ಐಬಿಎಂ ಕಂಪೆನಿಯ ಒಂದು ಬೃಹತ್ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ಅವರು "ದಿ ಮಿಥಿಕಲ್ ಮ್ಯಾನ್-ಮಂತ್" ಎಂಬ ಕೃತಿಯಲ್ಲಿ, ತಡವಾಗಿರುವ ಯೋಜನೆಗೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ತೋರಿಸಿಕೊಟ್ಟರು. ಲೆಕ್ಕ ನೋಡಿ. ಮೂವರು ಪರಸ್ಪರ ಮಾತಾಡಿಕೊಳ್ಳಬೇಕಾದರೆ 3 ಜೋಡಿಗಳು. ನಾಲ್ವರಾದರೆ 6. ಹತ್ತು ಮಂದಿಯಾದರೆ 45. ಕೆಲಸಕ್ಕಿಂತ ಮಾತೇ ಹೆಚ್ಚಾಗುತ್ತದೆ. ಅಂದು ಮನುಷ್ಯರ ಬಗ್ಗೆ ಹೇಳಿದ ಮಾತು ಇಂದು ಯಂತ್ರಗಳಿಗೂ ಬಹಳ ಮಟ್ಟಿಗೆ ಹೊಂದುತ್ತದೆ.

ಖರ್ಚೂ ಇದೆ. ಈ ಯಂತ್ರಗಳು ಓದುವ, ಬರೆಯುವ ಅಕ್ಷರಗಳನ್ನು ಟೋಕನ್ ಎಂಬ ತುಂಡುಗಳಲ್ಲಿ ಅಳೆದು ಬಿಲ್ಲು ಮಾಡುತ್ತಾರೆ. ಹಲವು ಏಜೆಂಟುಗಳು ಸೇರಿ ಮಾಹಿತಿ ಹುಡುಕುವ ತನ್ನ ವ್ಯವಸ್ಥೆಯು ಸಾಮಾನ್ಯ ಚಾಟ್‌ಗಿಂತ ಸುಮಾರು 15 ಪಟ್ಟು ಟೋಕನ್ ಬಳಸುತ್ತದೆ ಎಂದು ಆಂತ್ರೋಪಿಕ್ ಕಂಪೆನಿ 2025ರ ಜೂನ್‌ನಲ್ಲಿ ತಾನೇ ಹೇಳಿತ್ತು. ಈಗ ತಾನೇ ಕಲಿಯುತ್ತಿರುವ ಹುಡುಗಿ ಕೈಯಿಂದ ದುಡ್ಡು ಹಾಕಿ ಹತ್ತು ಏಜೆಂಟುಗಳನ್ನು ಓಡಿಸುವ ಅಗತ್ಯವೇ ಇಲ್ಲ.

ಕೀಲಿಕೈ ಕೊಡುವ ಮುನ್ನ

ಮನೆಗೆ ಹೊಸದಾಗಿ ಬಂದ ಕೆಲಸದವಳಿಗೆ ಮೊದಲ ದಿನವೇ ಕಪಾಟಿನ ಕೀಲಿಕೈ ಕೊಡುತ್ತೇವೆಯೇ? ಇಲ್ಲ. ಏಜೆಂಟುಗಳೂ ಸಾಮಾನ್ಯವಾಗಿ ಅಪಾಯದ ಹೆಜ್ಜೆ ಇಡುವ ಮೊದಲು "ಮಾಡಲೇ?" ಎಂದು ಕೇಳುತ್ತವೆ. ನಾಲ್ಕು ಏಜೆಂಟುಗಳು ನಿಮಿಷಕ್ಕೊಮ್ಮೆ ಕೇಳತೊಡಗಿದರೆ ಮನುಷ್ಯನಿಗೆ ಬೇಸರ ಬರುತ್ತದೆ. ಓದದೆಯೇ "ಹೂಂ" ಎನ್ನತೊಡಗುತ್ತಾರೆ. ಇನ್ನು ಕೆಲವರು, ಏನನ್ನೂ ಕೇಳದೆ ಎಲ್ಲವನ್ನೂ ಮಾಡು ಎಂಬ ಆಯ್ಕೆಯನ್ನೇ ಒತ್ತಿಬಿಡುತ್ತಾರೆ. ಕ್ಲಾಡ್ ಕೋಡ್ ಮತ್ತು ಕೋಡೆಕ್ಸ್ ಎರಡರಲ್ಲೂ ಆ ಆಯ್ಕೆಯ ಹೆಸರಿನಲ್ಲೇ "ಅಪಾಯಕಾರಿಯಾಗಿ" ಎಂಬ ಅರ್ಥದ ಇಂಗ್ಲಿಷ್ ಪದವನ್ನು ಸೇರಿಸಿಟ್ಟಿದ್ದಾರೆ. ಮಾಡಿದವರೇ ಬೋರ್ಡು ಹಾಕಿದ ಮೇಲೂ ನಾವು ಬಾವಿಗೆ ಇಣುಕುವುದೇಕೆ?

2025ರ ಜುಲೈಯಲ್ಲಿ ಅಮೇರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರಿಗಾದ ಅನುಭವ ಜಗತ್ತಿನಾದ್ಯಂತ ಸುದ್ದಿಯಾಯಿತು. ರೆಪ್ಲಿಟ್ ಎಂಬ ಸಂಸ್ಥೆಯ ಏಜೆಂಟಿಗೆ ಅವರು "ಈಗ ಏನನ್ನೂ ಬದಲಾಯಿಸಬೇಡ" ಎಂದು ಸ್ಪಷ್ಟವಾಗಿ ಹೇಳಿದ್ದರು. ಆದರೂ ಅದು ಸಾವಿರಕ್ಕೂ ಹೆಚ್ಚು ವ್ಯಕ್ತಿಗಳ ಮತ್ತು ಕಂಪೆನಿಗಳ ಮಾಹಿತಿ ಇದ್ದ ದತ್ತಾಂಶವನ್ನು ಅಳಿಸಿಬಿಟ್ಟಿತು. ಮರಳಿ ಪಡೆಯಲು ಸಾಧ್ಯವಿಲ್ಲ ಎಂದೂ ಹೇಳಿತು. ಲೆಮ್ಕಿನ್ ಅದನ್ನು ನಂಬಿ ಸುಮ್ಮನಾಗದೆ ತಾವೇ ಪ್ರಯತ್ನಿಸಿದಾಗ ಮಾಹಿತಿ ಮರಳಿ ಸಿಕ್ಕಿತು. ಅಂದರೆ ಯಂತ್ರ ಎರಡು ಸಲ ತಪ್ಪಿತು, ಮಾಡಿದ್ದರಲ್ಲಿ ಒಮ್ಮೆ, ಹೇಳಿದ್ದರಲ್ಲಿ ಒಮ್ಮೆ. ಸಂಸ್ಥೆಯ ಮುಖ್ಯಸ್ಥ ಅಮ್ಜದ್ ಮಸಾದ್ ಇದು ಒಪ್ಪತಕ್ಕದ್ದಲ್ಲ ಎಂದು ಬಹಿರಂಗವಾಗಿ ಹೇಳಿ, ಪ್ರಯೋಗದ ದತ್ತಾಂಶವನ್ನೂ ನಿಜವಾದ ದತ್ತಾಂಶವನ್ನೂ ಬೇರ್ಪಡಿಸುವ ಕ್ರಮ ಕೈಗೊಂಡರು.

ಇತರರ ಮಾಹಿತಿ ನಮ್ಮ ಕೈಗೆ ಬಂದರೆ ಅದು ಅಮಾನತ್ತು. ಒಂದು ಆಸ್ಪತ್ರೆಯ ರೋಗಿಗಳ ವಿವರ, ಒಂದು ಶಾಲೆಯ ಮಕ್ಕಳ ಅಂಕಪಟ್ಟಿ, ಒಂದು ಅಂಗಡಿಯ ಲೆಕ್ಕ, ಏನೇ ಇರಲಿ. "ಅಳಿಸಿದ್ದು ನಾನಲ್ಲ, ಯಂತ್ರ" ಎಂಬ ಉತ್ತರ ಕಂಪೆನಿಯಲ್ಲೂ ನಿಲ್ಲದು, ಮನಸ್ಸಾಕ್ಷಿಯ ಮುಂದೆಯೂ ನಿಲ್ಲದು.

ನೋಡುವುದೂ ಒಂದು ಕೆಲಸ

ಈಗ ಆರಂಭದ ಎರಡು ಪ್ರಶ್ನೆಗಳಿಗೆ ಬರೋಣ. ಕೈ ಕಟ್ಟಿ ಕುಳಿತ ಮಗಳಿಗೆ ಏನು ಕೆಲಸ? ಅವಳು ಪಾಠ ಕೇಳುತ್ತಿದ್ದಾಳೆ. ನಾಲ್ಕು ಕಡೆಯಿಂದ ಬರುವ ಕೆಲಸವನ್ನು ಓದಿ, ಇದು ಸರಿ, ಇದು ತಪ್ಪು, ಇದು ಸರಿಯಂತೆ ಕಾಣುವ ತಪ್ಪು ಎಂದು ಬೇರ್ಪಡಿಸುತ್ತಿದ್ದಾಳೆ. ಮೂರನೆಯದನ್ನು ಹಿಡಿಯುವುದೇ ಕಷ್ಟ. ಬರೆಯುವುದಕ್ಕಿಂತ ಇನ್ನೊಬ್ಬರು ಬರೆದದ್ದನ್ನು ಓದಿ ತಪ್ಪು ಹಿಡಿಯುವುದು ಹೆಚ್ಚು ದಣಿಸುತ್ತದೆ ಎಂದು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿದ ಯಾವ ಶಿಕ್ಷಕಿಯೂ ಹೇಳಿಯಾಳು. ಬೀಡಿ ಕಟ್ಟಿದ ತಾಯಂದಿರಿಗೆ ಗೊತ್ತು: ಕಟ್ಟಿದ ಬೀಡಿಯನ್ನು ನೋಡಿ, ಹಿಡಿಸದ್ದನ್ನು ತೆಗೆದುಹಾಕುವವನು ಕೈಯಲ್ಲಿ ಒಂದು ಬೀಡಿಯನ್ನೂ ಕಟ್ಟುವುದಿಲ್ಲ, ಆದರೂ ಅವನ ಕಣ್ಣಿನ ಮೇಲೆಯೇ ಎಲ್ಲ ನಿಂತಿದೆ.

ಹೆಂಗಸರ ಈ ರೀತಿಯ ದುಡಿಮೆ ಯಾವತ್ತೂ ಯಾರ ಕಣ್ಣಿಗೂ ಬಿದ್ದಿಲ್ಲ. ಒಲೆಯ ಮೇಲಿನ ಹಾಲು, ಮಗುವಿನ ಜ್ವರ, ಮುಗಿಯುತ್ತಿರುವ ಅಕ್ಕಿ, ನಾಳೆ ಬರುವ ನೆಂಟರು, ಇವೆಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು ಕುಳಿತವಳನ್ನು "ಸುಮ್ಮನೆ ಕುಳಿತಿದ್ದಾಳೆ" ಎಂದೇ ಜನ ಹೇಳಿದರು. ಅದೇ ಮಾತನ್ನು ನಾವು ನಮ್ಮ ಮಗಳಿಗೆ, ಸೊಸೆಗೆ ಹೇಳುವುದು ಬೇಡ. ಪರದೆಯ ಮುಂದೆ ಮೌನವಾಗಿರುವ ಆ ಹೊತ್ತಿನಲ್ಲಿ ಅವಳನ್ನು ನಡುನಡುವೆ ಕರೆದರೆ ಹಿಡಿಯಬೇಕಾದ ತಪ್ಪು ಜಾರಿಹೋದೀತು.

ಎರಡನೆಯ ಪ್ರಶ್ನೆ, ಕೆಲಸ ಉಳಿದೀತೇ? ಸುಳ್ಳು ಸಮಾಧಾನ ಹೇಳುವುದು ಸರಿಯಲ್ಲ. ಹೊಸದಾಗಿ ಸೇರಿದವರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಏಜೆಂಟುಗಳು ಮಾಡತೊಡಗಿವೆ. ಬೆಂಗಳೂರು, ಮಂಗಳೂರಿನ ಕಂಪೆನಿಗಳನ್ನು ನಂಬಿ ಓದುತ್ತಿರುವ ಮಕ್ಕಳು ಇದನ್ನು ತಿಳಿದುಕೊಂಡೇ ಮುಂದೆ ಹೋಗಬೇಕು. ಹಾಗೆಂದು ಯಂತ್ರ ಬಂದ ಕೂಡಲೇ ಎಲ್ಲವೂ ವೇಗವಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 2025ರ ಜುಲೈಯಲ್ಲಿ ಮೀಟರ್ ಎಂಬ ಸಂಶೋಧನಾ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. 16 ಅನುಭವಿ ಪ್ರೋಗ್ರಾಮರುಗಳು, 246 ಕೆಲಸಗಳು. ಆ ವರ್ಷದ ಆರಂಭದಲ್ಲಿದ್ದ ಕೃತಕ ಬುದ್ಧಿಮತ್ತೆಯ ಉಪಕರಣ ಬಳಸಿದಾಗ ಅವರಿಗೆ 19 ಶೇಕಡಾ ಹೆಚ್ಚು ಸಮಯ ತಗಲಿತು. ಆದರೆ ಕೆಲಸ ಮುಗಿದ ಮೇಲೂ ಅವರು ತಾವು 20 ಶೇಕಡಾ ವೇಗವಾಗಿ ಮಾಡಿದೆವು ಎಂದೇ ನಂಬಿದ್ದರು! ಆ ಬಳಿಕ ಉಪಕರಣಗಳು ಬಹಳ ಸುಧಾರಿಸಿವೆ, ಆ ಅಂಕಿಯನ್ನು ಇಂದಿಗೆ ಹಾಗೆಯೇ ಹಚ್ಚಲಾಗದು. ಆದರೆ ನಮ್ಮ ಅನಿಸಿಕೆಗೂ ಗಡಿಯಾರಕ್ಕೂ ಎಷ್ಟು ಅಂತರವಿರಬಲ್ಲುದು ಎಂಬ ಪಾಠ ಹಳತಾಗದು.

"ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂದು ನಮ್ಮ ಹಿರಿಯರ ಗಾದೆ. ಆಳು ಮಾಡಿದ್ದು ಹಾಳಾಗದೆ ಉಳಿಯುವುದು ಯಜಮಾನಿಗೆ ಆ ಕೆಲಸ ಬರುತ್ತಿದ್ದರೆ ಮಾತ್ರ. ಸಾರಿನ ರುಚಿ ತಿಳಿಯದವಳು ಅಡುಗೆಯವಳ ಸಾರನ್ನು ತಿದ್ದಲಾರಳು. ಆದ್ದರಿಂದ ಕಲಿಯುತ್ತಿರುವ ಮಕ್ಕಳಿಗೆ ಕೆಲವು ಮಾತುಗಳು:

ಮೊದಲು ಕೈಯಿಂದ ಬರೆದು ಕಲಿಯಿರಿ. ಗಿಟ್ ಮತ್ತು ಕಮಾಂಡ್ ಲೈನ್ ಎರಡನ್ನೂ ಏಜೆಂಟಿನ ಸಹಾಯವಿಲ್ಲದೆ ಬಳಸಲು ಬರಬೇಕು. ಇವೆರಡೂ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ಒಂದೇ ಏಜೆಂಟಿನಿಂದ ಆರಂಭಿಸಿ. ಅದು ಮಾಡಿದ್ದನ್ನು ಸಾಲು ಸಾಲಾಗಿ ಓದಿ ಅರ್ಥವಾದ ಮೇಲೆ ಎರಡನೆಯದು. ನೀವು ಓದಿ ಮುಗಿಸಲಾಗದಷ್ಟನ್ನು ಓಡಿಸಬೇಡಿ.

ಕೆಲಸ ಕೊಡುವಾಗ ಏನು ಬೇಕು, ಏನು ಮುಟ್ಟಬಾರದು, ಮುಗಿಯಿತು ಎಂದು ಹೇಗೆ ಗೊತ್ತಾಗುತ್ತದೆ, ಈ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ. ಪ್ರತಿಯೊಂದಕ್ಕೂ ಬೇರೆ ಫೋಲ್ಡರ್ ಕೊಡಿ. ನಿಜವಾದ ದತ್ತಾಂಶದ ಕೀಲಿಕೈ ಯಾವುದಕ್ಕೂ ಬೇಡ. ಪ್ರತಿಯೊಂದರ ನಕಲು ಬೇರೆಡೆ ಇರಲಿ.

ಕಂಪೆನಿಯ ಅಥವಾ ಗಿರಾಕಿಯ ಕಡತಗಳನ್ನು ಇಂತಹ ಉಪಕರಣಕ್ಕೆ ತೋರಿಸುವ ಮುನ್ನ ಅವರ ಅನುಮತಿ ಪಡೆಯಿರಿ.

ರಾತ್ರಿ ಏಜೆಂಟುಗಳನ್ನು ಓಡಿಸಿಟ್ಟು ನಡುನಡುವೆ ಎದ್ದು ನೋಡುವ ಚಟ ಬೇಡ. ಯಂತ್ರಕ್ಕೆ ನಿದ್ದೆ ಬೇಡ, ನಿಮಗೆ ಬೇಕು. ನಿದ್ದೆಗಣ್ಣಿನಲ್ಲಿ "ಹೂಂ" ಎಂದ ಅನುಮತಿಗೂ ಹೊಣೆ ನಿಮ್ಮದೇ.

ತಾಯಂದಿರಿಗೂ ಒಂದು ಮಾತು. ಮುಂದಿನ ಸಲ ಚಹಾ ಕೊಡುವಾಗ "ಎಷ್ಟು ಯಂತ್ರ ಓಡಿಸ್ತಾ ಇದ್ದೀ?" ಎಂದು ಕೇಳಬೇಡಿ. "ಇವತ್ತು ಅವು ಮಾಡಿದ ಯಾವ ತಪ್ಪನ್ನು ನೀನು ಹಿಡಿದೆ?" ಎಂದು ಕೇಳಿ. ಅವಳು ಸಂತೋಷದಿಂದ ಒಂದು ಉದಾಹರಣೆ ಹೇಳಿದರೆ ಅವಳ ಕೆಲಸ ಅವಳ ಕೈಯಲ್ಲಿದೆ ಎಂದು ತಿಳಿಯಿರಿ. "ಅವು ತಪ್ಪೇ ಮಾಡುವುದಿಲ್ಲ ಉಮ್ಮಾ" ಎಂದರೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಮಾತಾಡಿ.